ನಮ್ಮನೆ ಪೆಟ್ಟಿಗೆ ಜೀಪು

ಇಲ್ಲಿ ಏನಾದರೂ ಬರೆದು ಬಹಳ ದಿನವಾಯಿತು. ಒಂದಿಬ್ಬರು ಗೆಳೆಯರು "ಏನ್ರೀ, ಬರೆಯೋದು ಬಿಟ್ಟೇಬಿಟ್ರಾ?" ಅಂತ ಕೇಳಿಯೂ ಆಯಿತು. ಬಿಟ್ಟಿಲ್ಲ ಸ್ವಾಮಿ. ಸ್ಕೂಲು ಮುಗಿಸಿ ಬಂದು, ಹಳೇ ಲುಂಗಿ ಸುತ್ತಿಕೊಂಡು ಗಾಡಿಯ ಅಡಿಗೆ ತೂರಿ, ಉಗುರು ಸಂದಿಗೆಲ್ಲ ಗ್ರೀಸು ತುಂಬಿಕೊಂಡು ಎದ್ದವನಿಗೆ ಕೀಬೋರ್ಡು ಮುಟ್ಟುವ ಮನಸ್ಸು ಬರುವುದಿಲ್ಲ. ಸುಮಾರು ಮೂರು ವರ್ಷ ನನ್ನ ಸಂಜೆ, ಭಾನುವಾರ, ದಸರಾ ರಜೆ ಎಲ್ಲವನ್ನೂ ನುಂಗಿದ ಆ ಗಾಡಿಯ ಕತೆಯನ್ನೇ ಇವತ್ತು ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಇದೆ, ಕಾಫಿ ಮಾಡಿಕೊಂಡು ಬಂದು ಕೂತುಕೊಳ್ಳಿ :)

ನಮ್ಮೂರು ನುಗ್ಗೇಹಳ್ಳಿ. ಚನ್ನರಾಯಪಟ್ಟಣದಿಂದ ತಿಪಟೂರಿಗೆ ಹೋಗುವ ರಸ್ತೆಯಲ್ಲಿ ಸಿಗುತ್ತದೆ. ಬೇಲೂರು, ಹಳೇಬೀಡು ನೋಡಿದವರೆಲ್ಲ ಇಲ್ಲಿಗೆ ಬರುವುದಿಲ್ಲ. ಬಂದವರು ಮಾತ್ರ 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಸ್ಥಾನದ ಗೋಡೆ ನೋಡುತ್ತಾ ಬಸ್ಸು ತಪ್ಪಿಸಿಕೊಳ್ಳುತ್ತಾರೆ. ದೇವಸ್ಥಾನ ಬಿಟ್ಟರೆ ನಮ್ಮದು ತೆಂಗಿನ ಸೀಮೆ. ಮನೆಗೊಂದು ಅಟ್ಟ, ಅಟ್ಟದ ತುಂಬ ಕಾಯಿ. ವರ್ಷಗಟ್ಟಲೆ ಅಲ್ಲೇ ಒಣಗಿ ಒಳಗೆ ಗುಡುಗುಡು ಅಂದಾಗ ಅದು ಉಂಡೆ ಕೊಬ್ಬರಿ. ಹರಾಜಿಗೆ ತಿಪಟೂರು.

ನಮ್ಮನೆಯಲ್ಲಿ ಆ ಅಟ್ಟದ ಕೆಳಗೆ, 2009ರಿಂದ ಅಲ್ಲಾಡದೆ ಒಂದು ಗಾಡಿ ನಿಂತಿತ್ತು. ಊರಿನವರು ಅದಕ್ಕೆ ಇಟ್ಟ ಹೆಸರು ಪೆಟ್ಟಿಗೆ ಜೀಪು. ಮುಂದಿನಿಂದ ನೋಡಿದರೆ ಜೀಪಿನ ಮುಖ, ಹಿಂದಿನಿಂದ ನೋಡಿದರೆ ಟ್ರಂಕು. ಆರ್.ಸಿ. ಪುಸ್ತಕದಲ್ಲಿ ಅದರ ನಿಜವಾದ ಹೆಸರು ಇದೆ: ವಿಲ್ಲಿಸ್ ಸ್ಟೇಷನ್ ವ್ಯಾಗನ್, 1952ನೇ ಮಾಡೆಲ್.

ಸ್ಟೇಷನ್ ವ್ಯಾಗನ್ ಅಂದರೆ ಏನು ಅಂತ ನಾನು ಚಿಕ್ಕವನಿದ್ದಾಗ ಅಪ್ಪನನ್ನು ಕೇಳಿದ್ದೆ. "ತಿಪಟೂರು ಸ್ಟೇಷನ್ನಿಗೆ ಹೋಗ್ತದಲ್ಲ, ಅದಕ್ಕೇ" ಅಂದಿದ್ದರು. ಅಪ್ಪ ತಮಾಷೆಗೆ ಹೇಳಿದ್ದು ನಿಜವೇ ಆಗಿತ್ತು! ಅಮೆರಿಕದಲ್ಲಿ ರೈಲಿನಿಂದ ಇಳಿದವರನ್ನೂ ಅವರ ಗಂಟುಮೂಟೆಯನ್ನೂ ಸ್ಟೇಷನ್ನಿನಿಂದ ಮನೆಗೋ ಹೋಟೆಲಿಗೋ ಸಾಗಿಸುತ್ತಿದ್ದ ಗಾಡಿಗಳಿಗೆ ಆ ಹೆಸರು ಬಂತು. ಮೊದಮೊದಲು ಅವುಗಳ ಹಿಂಭಾಗ ಪೂರ್ತಿ ಮರದ್ದು. ಬಡಗಿಗಳು ಮಾಡುತ್ತಿದ್ದರು. ಮಳೆಗೆ ಮರ ಹಿಗ್ಗುತ್ತಿತ್ತು, ಬಿಸಿಲಿಗೆ ಬಿರುಕು ಬಿಡುತ್ತಿತ್ತು, ವರ್ಷವರ್ಷ ವಾರ್ನಿಷ್ ಬಳಿಯಬೇಕಿತ್ತು.

ಎರಡನೇ ಮಹಾಯುದ್ಧ ಮುಗಿದಾಗ ಟೊಲೆಡೊ ಊರಿನ ವಿಲ್ಲಿಸ್-ಓವರ್‌ಲ್ಯಾಂಡ್ ಕಂಪನಿಯ ಹತ್ತಿರ ಜೀಪು ಇತ್ತು, ಕೊಳ್ಳುವ ಸೈನ್ಯ ಇರಲಿಲ್ಲ. ಸಂಸಾರಸ್ಥರು ಕೊಳ್ಳುವಂಥ ಗಾಡಿ ಬೇಕಿತ್ತು. ಕಾರಿನ ಬಾಡಿ ಮಾಡಿಕೊಡುವ ದೊಡ್ಡ ಕಾರ್ಖಾನೆಗಳು ಸಿಗಲಿಲ್ಲ. ಸಿಕ್ಕವರು ಮನೆಬಳಕೆಯ ಯಂತ್ರಗಳಿಗೆ, ಅಂದರೆ ಫ್ರಿಜ್ಜು ಗಿಜ್ಜುಗಳಿಗೆ, ತಗಡು ಒತ್ತಿಕೊಡುವವರು. ಅವರ ಪ್ರೆಸ್ಸಿನಲ್ಲಿ ತಗಡನ್ನು ಆರು ಇಂಚಿಗಿಂತ ಆಳವಾಗಿ ಒತ್ತಲು ಬರುತ್ತಿರಲಿಲ್ಲ. ಬ್ರೂಕ್ಸ್ ಸ್ಟೀವನ್ಸ್ ಎಂಬ ವಿನ್ಯಾಸಕಾರ ಅದನ್ನೇ ನಿಯಮ ಮಾಡಿಕೊಂಡು, ಎಲ್ಲೂ ದೊಡ್ಡ ಉಬ್ಬುತಗ್ಗು ಇಲ್ಲದ, ನೇರ ಗೋಡೆಗಳ ಗಾಡಿ ಬರೆದ. ಪಕ್ಕೆಗಳಲ್ಲಿ ಮರದ ಪಟ್ಟಿಗಳಂತೆ ಕಾಣಲಿ ಅಂತ ತಗಡಿಗೇ ಗೆರೆ ಎಬ್ಬಿಸಿ ಬಣ್ಣ ಹೊಡೆಸಿದ. 1946ರಲ್ಲಿ ಬಂದ ಈ ಗಾಡಿ, ಪೂರ್ತಿ ಉಕ್ಕಿನ ಬಾಡಿಯಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಸ್ಟೇಷನ್ ವ್ಯಾಗನ್ ಅಂತ ಹೆಸರಾಯಿತು. 1949ರಲ್ಲಿ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ ಸಿಗುವಂಥದ್ದು ಬಂತು. 1960ರ ದಶಕದ ನಡುವಿನವರೆಗೆ ಮೂರು ಲಕ್ಷಕ್ಕೂ ಹೆಚ್ಚು ಗಾಡಿ ತಯಾರಾದವು.

ಈ ಫ್ರಿಜ್ಜಿನ ತಗಡಿನ ವಿಷಯ ನೆನಪಿಟ್ಟುಕೊಳ್ಳಿ. ಮುಂದೆ ಕೆಲಸಕ್ಕೆ ಬರುತ್ತದೆ.

ನಮ್ಮ ತಾತ ಇದನ್ನು 1967ರಲ್ಲಿ ಸಕಲೇಶಪುರದ ಕಡೆಯ ಒಂದು ಕಾಫಿ ಎಸ್ಟೇಟಿನಿಂದ ಸೆಕೆಂಡ್ ಹ್ಯಾಂಡ್ ತಂದರು. ತಾತನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಗಾಡಿಯ ಜೊತೆಗೆ ಡ್ರೈವರನ್ನೂ ಆರು ತಿಂಗಳಿಗೆ ಕರೆತಂದು, ಅವನಿಂದ ಅಪ್ಪನಿಗೆ ಕಲಿಸಿದರು. ಅಲ್ಲಿಂದ ಮುಂದೆ ಅದು ಮಾಡದ ಕೆಲಸ ಇಲ್ಲ. ಹಿಂದಿನ ಬಾಗಿಲು ಎರಡು ಹೋಳು. ಮೇಲಿನದು ಮೇಲಕ್ಕೆ ಎತ್ತಬೇಕು, ಕೆಳಗಿನದು ಕೆಳಕ್ಕೆ ಮಡಿಸಬೇಕು. ಮಡಿಸಿದ್ದರ ಮೇಲೆ ಕೊಬ್ಬರಿ ಮೂಟೆ ಇಟ್ಟು ಒಳಗೆ ನೂಕಿದರೆ ಆಯಿತು. ಹಿಂದಿನ ಸೀಟು ಕಿತ್ತು ಜಗಲಿ ಮೇಲೆ ಇಡುತ್ತಿದ್ದರು. ಹಾಗಾಗಿ ಕೊಬ್ಬರಿ ಕಾಲದಲ್ಲಿ ನಮ್ಮನೆ ಜಗಲಿಗೆ ಅಮೆರಿಕದ ಸೋಫಾ!

ಮದುವೆ ದಿಬ್ಬಣ, ಹೆರಿಗೆ ನೋವು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಚನ್ನರಾಯಪಟ್ಟಣಕ್ಕೆ ಹೋಗುವ ಹುಡುಗರು, ಹಾಸನದ ಆಸ್ಪತ್ರೆಯಿಂದ ವಾಪಸ್ ಬರುವ ಹೆಣ, ಚುನಾವಣೆಯ ಮೈಕು... ಎಲ್ಲ ಅದರಲ್ಲೇ. ಊರಲ್ಲಿ ಐವತ್ತು ದಾಟಿದ ಯಾರನ್ನೇ ಕೇಳಿ, ಒಂದಲ್ಲ ಒಂದು ಸಲ ಅದರೊಳಗೆ ಕೂತಿರುತ್ತಾರೆ. 2009ರಲ್ಲಿ ಡೀಸೆಲ್ ಪಂಪು ಕೈಕೊಟ್ಟಿತು. ಅಷ್ಟರಲ್ಲಿ ಊರಿಗೆ ಟಾಟಾ ಏಸ್ ಬಂದಿತ್ತು. ಅಪ್ಪ ಅಟ್ಟದ ಕೆಳಗೆ ನಿಲ್ಲಿಸಿ, ಬ್ಯಾಟರಿ ಬಿಚ್ಚಿಟ್ಟು, ಟಾರ್ಪಾಲು ಹೊದಿಸಿದರು. 2019ರಲ್ಲಿ ಅಪ್ಪ ಹೋದರು.

2023ರ ಸಂಕ್ರಾಂತಿ ಕಳೆದ ಮೇಲೆ ನಾನು ಟಾರ್ಪಾಲು ತೆಗೆದೆ. ಹೆಗ್ಗಣದ ಗೂಡು, ಹಲ್ಲಿ ಮೊಟ್ಟೆ, ಕಾಯಿ ಬಿದ್ದು ತಗ್ಗಾದ ಟಾಪು. ಕಾಲಿಡುವ ಜಾಗದ ತಗಡು ಹಪ್ಪಳದಂತೆ ಪುಡಿಯಾಗಿತ್ತು. ಚಾಸಿ ಮಾತ್ರ ಸುತ್ತಿಗೆಯಲ್ಲಿ ಬಡಿದರೆ ಗಂಟೆಯಂತೆ ಠಣ್ ಅಂತಿತ್ತು. ಅಷ್ಟು ಸಾಕು ಅನ್ನಿಸಿತು.

ಮೊದಲ ಆರು ತಿಂಗಳು ಬರೀ ಬಿಚ್ಚುವ ಕೆಲಸ. ಬಿಚ್ಚಿದ್ದನ್ನೆಲ್ಲ ಬೆಲ್ಲದ ಖಾಲಿ ಡಬ್ಬಗಳಲ್ಲಿ ಹಾಕಿ, ಚೀಟಿ ಅಂಟಿಸಿ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟೆ. ತುಕ್ಕು ಹಿಡಿದ ಸಣ್ಣ ಸಾಮಾನಿಗೆ ನಾನು ಮಾಡಿದ್ದು ಹೀಗೆ: ಆಲೆಮನೆಯಲ್ಲಿ ಕೆಟ್ಟು ಕಪ್ಪಾದ ಜೋನಿಬೆಲ್ಲ ಒಂದು ಪಾಲು, ನೀರು ಒಂಬತ್ತು ಪಾಲು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಿ ಅದರೊಳಗೆ ಮುಳುಗಿಸಿಡುವುದು. ಹದಿನೈದು ದಿನ ಬಿಟ್ಟು ತೆಗೆದು ನೀರಲ್ಲಿ ಉಜ್ಜಿದರೆ ತುಕ್ಕು ಕೆಸರಿನಂತೆ ಜಾರಿಹೋಗುತ್ತದೆ, ಒಳ್ಳೆಯ ಕಬ್ಬಿಣ ಹಾಗೇ ಉಳಿಯುತ್ತದೆ. ಬೆಲ್ಲದ ಪಾಕದಲ್ಲಿರುವ ಕೆಲವು ಅಂಶಗಳು ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿಗೆ ಎಳೆದುಕೊಳ್ಳುತ್ತವೆ. ಮಕ್ಕಳಿಗೆ ವಿಜ್ಞಾನದ ಪಾಠಕ್ಕೂ ಆಯಿತು. ತೆಗೆದ ಮೇಲೆ ತಕ್ಷಣ ಒರೆಸಿ ಎಣ್ಣೆ ಸವರಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಹೊಸ ತುಕ್ಕು. ತೊಂದರೆ ಎರಡೇ. ಒಂದು ಇರುವೆ. ಇನ್ನೊಂದು ಆ ಹುಳಿ ವಾಸನೆ. "ಮೇಷ್ಟ್ರು ಬಟ್ಟಿ ಇಳಿಸ್ತಾವ್ರೆ" ಅಂತ ಬೀದಿಯಲ್ಲಿ ಸುದ್ದಿಯಾಗಿ, ಇಬ್ಬರು ಹಿರಿಯರು ಸಂಜೆ ಹೊತ್ತು ಲೋಟ ಇಲ್ಲದೆ ಬಂದು ನೋಡಿಕೊಂಡು ಹೋದರು :)

ಬಿಡಿಭಾಗ ಎಲ್ಲಿ ಸಿಗುತ್ತವೆ ಅಂತ ಕೇಳುವವರಿಗೆ ಒಂದು ಮಾತು. ಎಪ್ಪತ್ತು ವರ್ಷದ ಬೇರೆ ಅಮೆರಿಕನ್ ಕಾರಾಗಿದ್ದರೆ ನಾನು ಕೈ ಮುಗಿದು ಬಿಡುತ್ತಿದ್ದೆ. ಇದು ಜೀಪಿನ ಅಣ್ಣ. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸಲು ಶುರು ಮಾಡಿತು. ಎತ್ತರದ ಬಾನೆಟ್ಟಿನ ಸಿಜೆ-3ಬಿ ಜೀಪು ಅಮೆರಿಕದಲ್ಲಿ 1968ಕ್ಕೆ ನಿಂತುಹೋದರೂ ನಮ್ಮಲ್ಲಿ ಅದರ ಮಕ್ಕಳು ಮೊಮ್ಮಕ್ಕಳು ದಶಕಗಟ್ಟಲೆ ಬರುತ್ತಲೇ ಇದ್ದರು. ಹಾಗಾಗಿ ಬೇರಿಂಗು, ಸೀಲು, ಬ್ರೇಕಿನ ಸಿಲಿಂಡರು ಇಂಥವನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ದಿನ ಅಲೆದರೆ ಹೊಂದಿಸಬಹುದು. ಅಲ್ಲಿ ಇಲ್ಲದ್ದು ಶಿವಾಜಿನಗರದ ಗುಜರಿಯಲ್ಲಿ. ಅಲ್ಲೂ ಇಲ್ಲದ್ದನ್ನು ಚನ್ನರಾಯಪಟ್ಟಣದ ಲೇತ್ ಅಂಗಡಿಯವರು ಕಡೆದುಕೊಟ್ಟರು. ಹೊಯ್ಸಳರ ಕಾಲದಲ್ಲಿ ಬಳಪದ ಕಲ್ಲಿನ ಕಂಬಗಳನ್ನು ತಿರುಗಣೆಗೆ ಕೊಟ್ಟು ಕಡೆದ ಸೀಮೆ ಇದು, ಒಂದು ಪಿನ್ನು ಕಡೆಯೋದು ಕಷ್ಟವೇ?

ಈಗ ಎಂಜಿನ್ ವಿಷಯ. ಇಲ್ಲೇ ಜಗಳ ಶುರುವಾಗಿದ್ದು.

ಗಾಡಿಯ ಹುಟ್ಟು ಎಂಜಿನ್ನು ಪೆಟ್ರೋಲಿನ ಹರಿಕೇನ್. ನಾಲ್ಕು ಸಿಲಿಂಡರು, 134 ಘನ ಇಂಚು, ನಮ್ಮ ಲೆಕ್ಕದಲ್ಲಿ 2.2 ಲೀಟರು. ಗಾಳಿ ಒಳಗೆ ಬರುವ ವಾಲ್ವುಗಳು ಮೇಲೆ ಹೆಡ್ಡಿನಲ್ಲಿ, ಹೊಗೆ ಹೊರಗೆ ಹೋಗುವ ವಾಲ್ವುಗಳು ಕೆಳಗೆ ಬ್ಲಾಕಿನಲ್ಲಿ. ಒಂಥರಾ ವಿಚಿತ್ರ ಸಂಸಾರ. ಗಟ್ಟಿಯೇನೋ ಹೌದು, ಪೆಟ್ರೋಲ್ ಮಾತ್ರ ಎಮ್ಮೆ ನೀರು ಕುಡಿದಂತೆ ಕುಡಿಯುತ್ತಿತ್ತು. 1973ರ ತೈಲ ಬಿಕ್ಕಟ್ಟಿನ ಆಮೇಲೆ ತಾತ ವಾರಕ್ಕೆ ಒಂದೇ ಸಲ ಗಾಡಿ ತೆಗೆಯಲು ಬಿಡುತ್ತಿದ್ದರಂತೆ. ಕೊನೆಗೆ 1986ರಲ್ಲಿ ಅಪ್ಪ, ಅಪಘಾತವಾದ ಮಹೀಂದ್ರ ಜೀಪೊಂದರ ಪ್ಯೂಜೊ ಡೀಸೆಲ್ ಎಂಜಿನ್ನನ್ನು ಗೇರ್ ಬಾಕ್ಸ್ ಸಮೇತ ತಂದು ಇದಕ್ಕೆ ಕೂರಿಸಿದರು. ಆರ್.ಟಿ.ಒ. ಆಫೀಸಿಗೆ ಅಲೆದು ಆರ್.ಸಿ.ಯಲ್ಲಿ ಹೊಸ ಎಂಜಿನ್ ನಂಬರನ್ನೂ 'ಡೀಸೆಲ್' ಅಂತಲೂ ಬರೆಸಿಕೊಂಡು ಬಂದರು. ಬಿಚ್ಚಿದ ಹರಿಕೇನ್ ಎಂಜಿನ್ನಿಗೆ ಗ್ರೀಸು ಮೆತ್ತಿ, ಗೋಣಿ ಸುತ್ತಿ, ಕೊಟ್ಟಿಗೆಯ ಮೂಲೆಗೆ ಇಟ್ಟರು. ನಾವು ಹುಡುಗರಿದ್ದಾಗ ಹಾಲು ಕರೆಯುವಾಗ ಅದರ ಮೇಲೇ ಕೂರುತ್ತಿದ್ದೆವು.

2023ರ ಬೇಸಿಗೆಯಲ್ಲಿ, ಗಾಡಿ ಎಲುಬುಗೂಡಾಗಿ ನಿಂತಿದ್ದಾಗ, ಬೆಂಗಳೂರಿನಿಂದ ಹಳೇ ಕಾರುಗಳನ್ನು ಕೂಡಿಡುವ ಒಬ್ಬರು ಬಂದರು. ಅಣ್ಣನ ಆಫೀಸಿನ ಯಾರದೋ ಪರಿಚಯ. ತಿಳಿದ ಮನುಷ್ಯರು. ಚಾಸಿ ನಂಬರ್ ನೋಡಿದರು, ಕೊಟ್ಟಿಗೆಗೆ ಬಂದು ಎಂಜಿನ್ನಿನ ಗೋಣಿ ತಾವೇ ಬಿಚ್ಚಿ ನಂಬರ್ ಓದಿದರು, ಮುಖ ಅರಳಿತು. ಏಳು ಲಕ್ಷ ಕೊಡುತ್ತೇನೆ ಅಂದರು. ಷರತ್ತು ಮೂರು. ಹುಟ್ಟು ಎಂಜಿನ್ನು ವಾಪಸ್ ಕೂರಬೇಕು. ಹುಟ್ಟು ಬಣ್ಣ ಬರಬೇಕು. ಊರಿನಲ್ಲಿ ಹಾಕಿದ ತೇಪೆಗಳನ್ನೆಲ್ಲ ಕತ್ತರಿಸಿ, ಅವರು ಅಮೆರಿಕದಿಂದ ತರಿಸಿಕೊಡುವ ತಗಡು ಕೂರಿಸಬೇಕು.

ಅವರ ಷರತ್ತಿಗೂ ಕಾರಣ ಇತ್ತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೇ ವಾಹನಗಳಿಗೇ ಅಂತ ಒಂದು ನಿಯಮ ತಂದಿತು. 50 ವರ್ಷ ಮೀರಿದ, ಮೂಲರೂಪದಲ್ಲೇ ಇರುವ, ಎಂಜಿನ್, ಚಾಸಿ, ಬಾಡಿಗಳಲ್ಲಿ ದೊಡ್ಡ ಬದಲಾವಣೆ ಆಗದ ಖಾಸಗಿ ಗಾಡಿಗೆ 'ವಿಂಟೇಜ್' ಅಂತ ನೋಂದಣಿ. ಶುಲ್ಕ 20 ಸಾವಿರ, ನಂಬರ್ ಪ್ಲೇಟಿನಲ್ಲಿ 'ವಿಎ' ಅಂತ ಅಕ್ಷರ. ಆದರೆ ಆ ನೋಂದಣಿಯ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಸಂಶೋಧನೆಗೆ, ಇಂಧನ ತುಂಬಿಸಲು, ರಿಪೇರಿಗೆ ಮಾತ್ರ ರಸ್ತೆಗೆ ಬರಬಹುದು. ಸರಳವಾಗಿ ಹೇಳಬೇಕೆಂದರೆ, ಗಾಡಿಗೆ ಗೌರವ ಸಿಗುತ್ತದೆ, ಕೆಲಸ ಹೋಗುತ್ತದೆ.

ಅಣ್ಣನಿಗೆ ಆ ಏಳು ಲಕ್ಷ ಬೇಕಿತ್ತು. ಸುಮ್ಮನೆ ಅಲ್ಲ. ಅವನ ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು, ಫೀಸು ಕಟ್ಟಬೇಕಿತ್ತು. ತೋಟದಿಂದ ತೆಗೆಯೋಣ ಅಂದರೆ ಅದು ಕೊಬ್ಬರಿಗೆ ಕೆಟ್ಟ ವರ್ಷ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಅಂತ ಇದ್ದರೂ ಮಾರುಕಟ್ಟೆಯಲ್ಲಿ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಅಟ್ಟದ ತುಂಬ ಕಾಯಿ, ಕೈಯಲ್ಲಿ ಕಾಸಿಲ್ಲ. ಅಂಥ ಹೊತ್ತಲ್ಲಿ ಅಟ್ಟದ ಕೆಳಗಿನ ತುಕ್ಕಿಗೆ ಏಳು ಲಕ್ಷ!

"ನೋಡೋ, ನಿನ್ನ ಭಾವನೆ ಎಲ್ಲಾ ಸರಿ. ಭಾವನೆ ಫೀಸು ಕಟ್ಟಲ್ಲ ಕಣೋ" ಅಂದ ಅಣ್ಣ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗಾಡಿ ಅವನದೂ ಹೌದು, ನನ್ನದೂ ಹೌದು. "ಆಯ್ತು, ಎಂಜಿನ್ ಬಿಡಿಸಿ ನೋಡ್ತೀನಿ" ಅಂದೆ.

ಮೂವತ್ತೇಳು ವರ್ಷ ಕೂತ ಎಂಜಿನ್ನು ಜಾಮ್ ಆಗಿರುತ್ತದೆ. ಬಲವಂತ ಮಾಡಿದರೆ ಪಿಸ್ಟನ್ ಮುರಿಯುತ್ತದೆ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ನಾಲ್ಕೂ ತೂತಿಗೆ ಡೀಸೆಲ್ಲು, ಗೇರ್ ಎಣ್ಣೆ ಬೆರೆಸಿ ಸುರಿದೆ. ದಿನಾ ಸಂಜೆ ಹ್ಯಾಂಡಲ್ ಹಾಕಿ ಮೆಲ್ಲಗೆ ಆ ಕಡೆ ಈ ಕಡೆ ಒತ್ತುವುದು, ಬಿಡುವುದು. ಇಪ್ಪತ್ತಾರನೇ ದಿನ ಹ್ಯಾಂಡಲ್ಲು ಒಂದು ನೂಲಿನಷ್ಟು ಜರುಗಿತು. ಮೂವತ್ತನೇ ದಿನ ಒಂದು ಸುತ್ತು ಬಂತು. ಹಾಲು ಕರೆಯುತ್ತಿದ್ದ ಅವ್ವ ತಿರುಗಿ ನೋಡಿ, "ನಿಮ್ಮಪ್ಪ ಗ್ರೀಸು ಮೆತ್ತಿದ್ದು ದಂಡ ಆಗಲಿಲ್ಲ ಬುಡು" ಅಂದಳು. ಬ್ಲಾಕಿನಲ್ಲಿ ಬಿರುಕಿಲ್ಲ. ಅಂದರೆ ಆ ಮೊದಲ ಷರತ್ತು ಆಗುವ ಮಾತೇ. ನನಗೆ ಖುಷಿಯೂ ಆಯಿತು, ಹೊಟ್ಟೆಯಲ್ಲಿ ಏನೋ ಸಂಕಟವೂ ಆಯಿತು.

ತಗಡಿನ ಕೆಲಸಕ್ಕೆ ನಮ್ಮೂರಿನ ಆಚಾರ್ರನ್ನು ಕರೆದೆ. ಅವರು ಕಾರು ಮುಟ್ಟಿದವರಲ್ಲ. ಬೀರು, ಗೇಟು, ಕಿಟಕಿ ಗ್ರಿಲ್ಲು ಮಾಡುವವರು. ಫ್ರಿಜ್ಜಿನ ತಗಡಿನ ಕತೆ ಹೇಳಿದೆನಲ್ಲ, ಅದನ್ನೇ ಅವರಿಗೂ ಹೇಳಿದೆ. ಅವರು ಗಾಡಿಯನ್ನು ಒಂದು ಸುತ್ತು ಹಾಕಿ, ಪಕ್ಕೆಯ ಮೇಲೆ ಅಂಗೈ ಎಳೆದು, "ಇದು ಮಲಗಿಸಿರೋ ಬೀರು ಕಣ್ರೀ ಮೇಷ್ಟ್ರೇ" ಅಂದರು. 18 ಗೇಜಿನ ಸಿ.ಆರ್. ಶೀಟು ತಂದು, ಎರಡು ಆಂಗಲ್ ಕಬ್ಬಿಣದ ನಡುವೆ ಹಿಡಿದು, ಮರದ ಸುತ್ತಿಗೆಯಲ್ಲಿ ಬಡಿದು ಬಡಿದು ಆ ಗೆರೆಗಳನ್ನು ಎಬ್ಬಿಸಿದರು. ಹೊಸ ನೆಲ, ಹೊಸ ಕೆಳ ಅಂಚು ಎರಡೇ ತಿಂಗಳಲ್ಲಿ ಕೂತವು. ಎಪ್ಪತ್ತು ವರ್ಷದ ಹಿಂದೆ ಅಮೆರಿಕದ ಕಾರ್ಖಾನೆಗೆ ಇದ್ದ ಕೊರತೆ ನಮ್ಮೂರಿನ ಗ್ರಿಲ್ ಅಂಗಡಿಗೆ ಹೀಗೆ ಅನುಕೂಲವಾಯಿತು. ಕಷ್ಟದಲ್ಲಿ ಮಾಡಿದ ವಸ್ತುವನ್ನು ಕಷ್ಟದಲ್ಲಿರುವವರೂ ರಿಪೇರಿ ಮಾಡಬಹುದು ಅಂತ ಆಗ ಅನ್ನಿಸಿತು.

ಬಲಗಡೆ ಹಿಂದಿನ ಚಕ್ರದ ಮೇಲೆ ಮೊಳದುದ್ದದ ಒಂದು ತೇಪೆ ಇತ್ತು. ಸುತ್ತ ಸಾಲಾಗಿ ರಿವೆಟ್ಟು. ಬಣ್ಣ ಉಜ್ಜುತ್ತಿದ್ದ ಆಚಾರ್ರು ಅಲ್ಲಿಗೆ ಬಂದು ನಿಂತರು. ರಿವೆಟ್ಟುಗಳನ್ನು ಬೆರಳಲ್ಲಿ ಎಣಿಸಿದರು. ಆಮೇಲೆ ಒಳಗೆ ಟಾರ್ಚ್ ಬಿಟ್ಟು ನೋಡಿದರು. ಒಳಮೈಯಲ್ಲಿ ಉಳಿಯಿಂದ ಕೊರೆದ ಕನ್ನಡ ಅಂಕಿ: ೧೯೭೧. "ಅಪ್ಪಯ್ಯನ ಕೈ" ಅಂದರು. ಅವರ ತಂದೆ ಕುಲುಮೆ ಇಟ್ಟುಕೊಂಡಿದ್ದವರು, ಗ್ಯಾಸ್ ವೆಲ್ಡಿಂಗ್ ಊರಿಗೆ ಬರುವ ಮೊದಲು. ನೇಗಿಲ ಗುಳಕ್ಕೂ ಅದೇ ಥರ ವರ್ಷ ಹಾಕುತ್ತಿದ್ದರಂತೆ.

ಬೆಂಗಳೂರಿನವರ ಪಟ್ಟಿಯಲ್ಲಿ ಕತ್ತರಿಸಬೇಕಾದ ಮೊದಲ ತೇಪೆ ಅದೇ. ನಾನು ಹೇಳಲೇಬೇಕಾಯಿತು. ಆಚಾರ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತೆಗೀರಿ ಅಂದ್ರೆ ತೆಗೀತೀನಿ ಮೇಷ್ಟ್ರೇ. ಆದ್ರೆ ಒಂದು ನೋಡಿ. ತುಕ್ಕು ಹಿಡಿದಿರೋದು ಸುತ್ತ ಇರೋ ಅಮೆರಿಕದ ತಗಡು. ಅಪ್ಪಯ್ಯನ ತಗಡಿಗೆ ಏನೂ ಆಗಿಲ್ಲ" ಅಂದರು.

ನಮ್ಮೂರ ದೇವಸ್ಥಾನದ ಗೋಡೆ ನೆನಪಾಯಿತು. ಅಲ್ಲಿನ ವಿಗ್ರಹಗಳನ್ನು ಮಾಡಿದ ಬೈಚೋಜ, ಮಲ್ಲಿತಮ್ಮ ತಮ್ಮ ಹೆಸರು ಕೆತ್ತಿದ್ದಾರೆ. ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲೂ ಸಿಗುತ್ತದೆ. ಹೆಸರು ಇರುವುದರಿಂದಲೇ ಅವರು ನಮಗೆ ಮನುಷ್ಯರು, ಬರೀ 'ಹೊಯ್ಸಳ ಶೈಲಿ' ಅಲ್ಲ. ಹಳೇ ಕಟ್ಟಡ ಕಾಪಾಡುವವರ ನಡುವೆ 1964ರ ವೆನಿಸ್ ಒಪ್ಪಂದ ಅಂತ ಒಂದಿದೆ. ಅದರ ಮಾತು ಇಷ್ಟು: ಬಿದ್ದುಹೋದ ಭಾಗಕ್ಕೆ ಹೊಸದು ಸೇರಿಸುವುದಾದರೆ ಹಳೆಯದಕ್ಕೆ ಹೊಂದಬೇಕು, ಆದರೆ ಹೊಸದು ಅಂತ ಗೊತ್ತೂ ಆಗಬೇಕು. ಬೇರೆ ಬೇರೆ ಕಾಲದವರು ಸೇರಿಸಿದ ಒಳ್ಳೆಯ ಕೆಲಸಕ್ಕೂ ಬೆಲೆ ಕೊಡಬೇಕು, ಎಲ್ಲವನ್ನೂ ಒಂದೇ ಶೈಲಿಗೆ ತರುವುದೇ ಗುರಿಯಲ್ಲ. ಕಲ್ಲಿಗೆ ಒಪ್ಪುವ ಮಾತು ತಗಡಿಗೆ ಯಾಕೆ ಒಪ್ಪಬಾರದು?

ಬಣ್ಣದಲ್ಲೂ ಅದೇ ಕತೆ. ವಾಟರ್ ಪೇಪರ್ ಹಾಕಿ ಉಜ್ಜಿದಷ್ಟೂ ಪದರ. ಮೇಲೆ ಅಪ್ಪ ಹೊಡೆಸಿದ ನೀಲಿ. ಅದರ ಕೆಳಗೆ ಬಿಳಿ, 1983ರ ಚುನಾವಣೆಗೆ ಬಾಡಿಗೆಗೆ ಬಿಟ್ಟಾಗ ಪಾರ್ಟಿಯವರೇ ಹೊಡೆಸಿಕೊಟ್ಟದ್ದು. ಅದರಡಿ ತಾತನ ಹಸಿರು. ತಳದಲ್ಲಿ ಕಂದುಗೆಂಪು, ಪಕ್ಕೆಯ ಪಟ್ಟಿಗಳಲ್ಲಿ ಮರದ ಬಣ್ಣದ ಗುರುತು. 'ಮೂಲರೂಪ' ಅಂತ ನಾವು ಕರೆಯುವ ಆ ತಳದ ಬಣ್ಣದ ಗಾಡಿಯನ್ನು ನುಗ್ಗೇಹಳ್ಳಿಯಲ್ಲಿ ನೋಡಿದವರು ಯಾರೂ ಇಲ್ಲ. ಎಸ್ಟೇಟಿನಲ್ಲಿ ಯಾರೋ ನೋಡಿರಬೇಕು. ನಾನು ಅದನ್ನು ತಂದರೆ ಯಾರ ನೆನಪನ್ನು ತಂದಂತಾಯಿತು?

ಹಾಗಂತ ಮೂಲರೂಪಕ್ಕೆ ತರುವವರನ್ನು ನಾನು ಹೀಗಳೆಯುತ್ತಿಲ್ಲ. ಧರ್ಮಸ್ಥಳದ ಕಾರ್ ಮ್ಯೂಸಿಯಂ ನೋಡಿದವರಿಗೆ ಗೊತ್ತು, ಅಂಥವರು ಇಲ್ಲದಿದ್ದರೆ ಎಷ್ಟೋ ಗಾಡಿಗಳು ಗುಜರಿಯಲ್ಲಿ ತೂಕಕ್ಕೆ ಹೋಗುತ್ತಿದ್ದವು. ಒಂದು ವಿಲ್ಲಿಸ್ ವ್ಯಾಗನ್ನು 1952ರಲ್ಲಿ ಹೇಗಿತ್ತು ಅಂತ ತೋರಿಸಲು ಒಂದೆರಡು ಇರಲೇಬೇಕು. ಆದರೆ ಅಂಥ ಗಾಡಿ ಮೂರು ಲಕ್ಷ ಇದ್ದವು. ಆಚಾರ್ರ ಅಪ್ಪಯ್ಯನ ತೇಪೆ, ಪಾರ್ಟಿಯ ಬಿಳಿ, ಅಪ್ಪನ ಡೀಸೆಲ್ ಇರುವುದು ಒಂದೇ.

ಆ ವರ್ಷ ದೀಪಾವಳಿಗೆ ಅಣ್ಣ ಊರಿಗೆ ಬಂದಾಗ ಮೂವರೂ ಜಗಲಿ ಮೇಲೆ ಕೂತೆವು. ನಾನು ನನ್ನ ಮಾತೆಲ್ಲ ಹೇಳಿದೆ. ಅಣ್ಣ ಲೆಕ್ಕ ಹೇಳಿದ. ಇಬ್ಬರದೂ ಮುಗಿದ ಮೇಲೆ ಅವ್ವ, "ಮಾರೋದಾದ್ರೆ ಹೆಂಗೈತೋ ಹಂಗೇ ಮಾರ್ರಪ್ಪಾ. ಅದನ್ನ ಬ್ಯಾರೇದು ಮಾಡಿ ಮಾರ್‌ಬ್ಯಾಡಿ. ಬ್ಯಾರೇದು ಮಾಡಿದ್ ಮ್ಯಾಲೆ ಅದು ನಮ್ದು ಅಂತ ಎಂಗ್ ಮಾರ್ತೀರಿ?" ಅಂದಳು.

ಹೇಗಿದೆಯೋ ಹಾಗೇ ಕೊಳ್ಳಲು ಬೆಂಗಳೂರಿನವರು ಒಪ್ಪಲಿಲ್ಲ. ಫೋನಿನಲ್ಲಿ ಬಹಳ ಮರ್ಯಾದೆಯಿಂದಲೇ "ಮನಸ್ಸು ಬದಲಾದರೆ ತಿಳಿಸಿ" ಅಂದರು. ಅಣ್ಣ ಮೂರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮಗಳ ಫೀಸಿಗೆ ಬ್ಯಾಂಕಿನ ಸಾಲ ತೆಗೆದ. ಅದು ನನ್ನನ್ನು ಚುಚ್ಚುತ್ತಲೇ ಇತ್ತು. ಯುಗಾದಿಗೆ ನಾನೇ ಹೋಗಿ ಒಂದು ಮಾತು ಇಟ್ಟೆ. ಬಂದ ಬೆಲೆ ಏಳು ಲಕ್ಷ. ನಿನ್ನ ಪಾಲು ಮೂರೂವರೆ. ಅದನ್ನು ನಾನು ಕಂತಿನಲ್ಲಿ ಕೊಡುತ್ತೇನೆ, ಗಾಡಿ ನನ್ನ ಹತ್ತಿರ ಇರಲಿ. ಅತ್ತಿಗೆ "ಅಣ್ಣತಮ್ಮಂದ್ರಲ್ಲಿ ಇದೆಲ್ಲಾ ಯಾಕೆ" ಅಂದರು. ಅಣ್ಣ "ಬರೆದು ಕೊಡು" ಅಂದ. ಬರೆದುಕೊಟ್ಟೆ. ಬೇಜಾರಾಗಲಿಲ್ಲ. ಹಣದ ವಿಷಯ ಬಾಯಲ್ಲಿ ಇರುವುದಕ್ಕಿಂತ ಕಾಗದದಲ್ಲಿದ್ದರೆ ಸಂಬಂಧ ಉಳಿಯುತ್ತದೆ.

ಅಲ್ಲಿಂದ ಮುಂದೆ ಕೆಲಸ ಸರಾಗ. ಡೀಸೆಲ್ ಪಂಪು, ನಾಜಲ್ಲುಗಳನ್ನು ಹಾಸನಕ್ಕೆ ಒಯ್ದು ರಿಪೇರಿ ಮಾಡಿಸಿದೆ. ಹೀಟರ್ ಪ್ಲಗ್ಗು ಹೊಸದು. ವೈರಿಂಗ್ ಪೂರ್ತಿ ಹೊಸದಾಗಿ ಎಳೆದೆ. ಸೀಟಿಗೆ ಫೋಮ್ ಹಾಕುವ ಬದಲು ನಮ್ಮದೇ ತೆಂಗಿನ ನಾರು ಬಿಡಿಸಿ, ಗೋಣಿಯ ನಡುವೆ ಹರಡಿ, ದಬ್ಬಳದಲ್ಲಿ ಹೊಲಿಸಿದೆ. ಕೂತರೆ ಸ್ವಲ್ಪ ಚುಚ್ಚಿದಂತೆ ಅನ್ನಿಸುತ್ತದೆ, ಬೇಸಿಗೆಯಲ್ಲಿ ಮಾತ್ರ ಸುಖ. ಅಪ್ಪಯ್ಯನ ತೇಪೆ ಇದ್ದಲ್ಲೇ ಇದೆ. ಅದರ ಸುತ್ತಲಿನ ತುಕ್ಕು ತಗಡನ್ನು ಕತ್ತರಿಸಿ ಹೊಸದು ಬೆಸೆದ ಆಚಾರ್ರಿಗೆ, "ನೀವೂ ವರ್ಷ ಹಾಕಿ" ಅಂದೆ. ನಾಚಿಕೊಂಡರು. ಮಾರನೇ ದಿನ ನೋಡಿದರೆ ಒಳಮೈಯಲ್ಲಿ ೨೦೨೪ ಅಂತ ಇತ್ತು. ಬಣ್ಣ ಅಪ್ಪನ ನೀಲಿಯೇ. ಡ್ರೈವರ್ ಬಾಗಿಲ ಒಳಗಡೆ ಅಂಗೈ ಅಗಲ ಜಾಗ ಮಾತ್ರ ಬಣ್ಣ ಹೊಡೆಯದೆ, ನಾಲ್ಕೂ ಪದರ ಕಾಣುವಂತೆ ಉಜ್ಜಿ, ಮೇಲೆ ವಾರ್ನಿಷ್ ಎಳೆದು ಬಿಟ್ಟಿದ್ದೇನೆ.

ಹರಿಕೇನ್ ಎಂಜಿನ್ನಿಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆ. ಕೊಟ್ಟಿಗೆಯಿಂದ ಜಗಲಿಗೆ ಬಡ್ತಿ. ತಿಂಗಳಿಗೊಮ್ಮೆ ಹ್ಯಾಂಡಲ್ ಹಾಕಿ ಎರಡು ಸುತ್ತು ತಿರುಗಿಸುತ್ತೇನೆ. ನಾಳೆ ಯಾರಿಗಾದರೂ ಮೂಲರೂಪವೇ ಬೇಕೆನಿಸಿದರೆ ಆ ದಾರಿಯೂ ಮುಚ್ಚಿಲ್ಲ.

ಕಾಗದಪತ್ರದ ಕೆಲಸ ತಗಡಿನ ಕೆಲಸಕ್ಕಿಂತ ಏನೂ ಕಡಿಮೆಯಲ್ಲ. ಇಂಥದ್ದಕ್ಕೆ ಕೈ ಹಾಕುವವರು ಮೊದಲೇ ತಿಳಿದಿರಲಿ ಅಂತ ಹೇಳುತ್ತೇನೆ. ಮಾಲೀಕರು ತೀರಿಕೊಂಡಿದ್ದರೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗಾಯಿಸಬೇಕು. ಉಳಿದ ವಾರಸುದಾರರ ಒಪ್ಪಿಗೆ ಬೇಕು. 15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಪ್ರತಿಸಲವೂ ಗಾಡಿ ತೋರಿಸಬೇಕು. ಅಪ್ಪ 1986ರಲ್ಲಿ ಎಂಜಿನ್ ಬದಲಾವಣೆಯನ್ನು ಆರ್.ಸಿ.ಯಲ್ಲಿ ಬರೆಸಿದ್ದರಿಂದ ನಾನು ಬಚಾವಾದೆ. ಅದೊಂದು ಸಾಲು ಇಲ್ಲದಿದ್ದರೆ ಮೂರು ವರ್ಷದ ಕೆಲಸ ಗೇಟಿನ ಒಳಗೇ ಉಳಿಯುತ್ತಿತ್ತು. ಗಾಡಿ ಕೆಡಿಸಿದರು ಅಂತ ಬೆಂಗಳೂರಿನವರು ಯಾವುದನ್ನು ತೋರಿಸಿದ್ದರೋ, ಅದನ್ನು ಅಪ್ಪ ಎಷ್ಟು ಶಿಸ್ತಾಗಿ ಮಾಡಿದ್ದರು ಅಂತ ಆಗ ಗೊತ್ತಾಯಿತು.

2025ರಲ್ಲಿ ದೇವರು ಕಣ್ಣು ಬಿಟ್ಟ. ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲಿಗೆ 20 ಸಾವಿರ ದಾಟಿತು. ಎರಡು ವರ್ಷದ ಹಿಂದೆ ಕೇಳುವವರಿಲ್ಲದೆ ಕೂತಿದ್ದ ಅಟ್ಟ ಖಾಲಿಯಾಯಿತು. ಅಣ್ಣನ ಎರಡು ಕಂತು ಒಟ್ಟಿಗೆ ಕೊಟ್ಟೆ. ಇನ್ನೊಂದು ಬಾಕಿ ಇದೆ. ಆ ಕೊಬ್ಬರಿಯಲ್ಲಿ ಕೊನೆಯ ಆರು ಮೂಟೆ ಹರಾಜಿಗೆ ಹೋಗಿದ್ದು ಪೆಟ್ಟಿಗೆ ಜೀಪಿನಲ್ಲೇ. ಗೇಟಿನಲ್ಲಿ ಒಬ್ಬ ಹಮಾಲಿ, ವಯಸ್ಸಾದವರು, ಹಿಂದಿನ ಬಾಗಿಲನ್ನು ನಾನು ಹೇಳುವ ಮೊದಲೇ ಮೇಲಿನದನ್ನು ಮೇಲಕ್ಕೂ ಕೆಳಗಿನದನ್ನು ಕೆಳಕ್ಕೂ ಸರಿಯಾಗಿ ತೆಗೆದರು. "ಗೊತ್ತಾ ನಿಮಗೆ ಈ ಗಾಡಿ?" ಅಂದೆ. "ಬೆನ್ನಿಗೆ ಗೊತ್ತು ಸ್ವಾಮಿ" ಅಂದರು.

ಹೋದ ತಿಂಗಳು ಅಣ್ಣ, ಅತ್ತಿಗೆ, ಮಗಳು ಬಂದಿದ್ದರು. ಅಣ್ಣ ಕೀ ಇಸಿದುಕೊಂಡು ಒಬ್ಬನೇ ಹೊರಟ. ಕೆರೆ ಏರಿಯ ಮೇಲೆ ಹೋಗಿ, ಅರ್ಧ ಗಂಟೆ ಬಿಟ್ಟು ವಾಪಸ್ ಬಂದ. ಇಳಿದು ಬಾಗಿಲು ಹಾಕಿ, ನೀಲಿ ಬಣ್ಣದ ಮೇಲೆ ಒಮ್ಮೆ ಕೈ ಇಟ್ಟ. ಹೊಗಳುತ್ತಾನೇನೋ ಅಂತ ಕಾಯುತ್ತಿದ್ದೆ.

"ಬ್ರೇಕು ಎಡಕ್ಕೆ ಎಳೀತದೆ. ಅಪ್ಪನ ಕಾಲದಲ್ಲೂ ಎಡಕ್ಕೇ ಎಳೀತಿತ್ತು" ಅಂದ. ಸಂಜೆವರೆಗೂ ನನ್ನ ಜೊತೆ ಗಾಡಿಯ ಅಡಿಯಲ್ಲೇ ಮಲಗಿದ್ದ, ಸ್ಪ್ಯಾನರ್ ಹಿಡಿದುಕೊಂಡು.

ನಿಮ್ಮ ಮನೆಯ ಅಟ್ಟದಡಿ, ಕೊಟ್ಟಿಗೆಯಲ್ಲಿ ಇಂಥದ್ದೇನಾದರೂ ಇದ್ದರೆ, ಅದು ಗಾಡಿಯೇ ಆಗಬೇಕಿಲ್ಲ, ಹೊಲಿಗೆ ಮಿಷನ್ನೋ ರೇಡಿಯೋನೋ ಆದೀತು, ಒಂದು ಸಲ ಟಾರ್ಪಾಲು ತೆಗೆದು ನೋಡಿ. ತೇಪೆ ಕಂಡರೆ ಯಾರು ಹಾಕಿದ್ದು ಅಂತ ಮನೆಯ ಹಿರಿಯರನ್ನು ಕೇಳಿ. ಉತ್ತರ ಸಿಕ್ಕರೆ ಇಲ್ಲೂ ಒಂದು ಸಾಲು ಹಾಕಿ, ಓದಲು ನನಗೆ ಆಸೆ. ಅಂದಹಾಗೆ ಜೋನಿಬೆಲ್ಲದ ಡ್ರಮ್ಮು ಇನ್ನೂ ಹಾಗೇ ಇದೆ. ಯಾರಿಗಾದರೂ ಬೇಕಿದ್ದರೆ ಬಂದು ತಗೊಂಡು ಹೋಗಿ, ಇರುವೆ ಉಚಿತ!